ಹಳೇ ಕಾರಿನ ಕ್ಯಾಸೆಟ್ ಪ್ಲೇಯರ್‌ನಲ್ಲಿ ಮೊಬೈಲ್ ಹಾಡು ಕೇಳೋದು ಹೇಗೆ?

ಪ್ರಶ್ನೆ: ಕಾರಿನಲ್ಲಿ ಕ್ಯಾಸೆಟ್, ರೇಡಿಯೊ ಮಾತ್ರ ಇವೆ. ಸ್ಟೀರಿಯೊ ಬದಲಿಸದೆ ದಾರಿ ಇದೆಯಾ? ಎಫ್‌ಎಂ ಟ್ರಾನ್ಸ್‌ಮಿಟರ್ (ಮೊಬೈಲ್ ಹಾಡನ್ನು ಕಾರಿನ ರೇಡಿಯೊಗೆ ಕಳಿಸೋ ಸಾಧನ) ಹಾಕಿದರೆ ಬರೀ ಗೊರಗೊರ.

ಉತ್ತರ 1: ಬೆಂಗಳೂರಲ್ಲಿ 91ರಿಂದ 104ರವರೆಗೆ ಸ್ಟೇಷನ್‌ಗಳು ತುಂಬಿವೆ. 88ರ ಆಸುಪಾಸು ಖಾಲಿ ಜಾಗ ಹುಡುಕಿ, ಟ್ರಾನ್ಸ್‌ಮಿಟರ್, ರೇಡಿಯೊ ಎರಡನ್ನೂ ಅಲ್ಲಿಗೇ ತಿರುಗಿಸಿ. ಊರು ದಾಟಿದರೆ ಮತ್ತೆ ಹುಡುಕಬೇಕು, ಅದೇ ತಲೆನೋವು.

ಉತ್ತರ 2: ಟ್ರಾನ್ಸ್‌ಮಿಟರ್‌ಗಿಂತ ಕ್ಯಾಸೆಟ್ ಅಡಾಪ್ಟರ್ ವಾಸಿ. ಅದು ಕ್ಯಾಸೆಟ್ ಆಕಾರದ್ದು, ಪ್ಲೇಯರ್‌ಗೆ ಹಾಕಿ ಅದರ ವೈರನ್ನು ಮೊಬೈಲ್‌ಗೆ ಚುಚ್ಚಬೇಕು. ಮೊದಲು ಹತ್ತಿಯ ಇಯರ್‌ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪ್ಲೇಯರ್ ಒಳಗಿನ ಹೆಡ್ (ಟೇಪ್ ಓದುವ ಭಾಗ) ಒರೆಸಿ. ಕಂದು ಮಸಿ ಕೂತಿದ್ದರೆ ಹಾಡು ಕಂಬಳಿ ಹೊದ್ದ ಹಾಗೆ ಕೇಳುತ್ತೆ. ಮೊಬೈಲ್ ವಾಲ್ಯೂಮ್ ಮುಕ್ಕಾಲು ಸಾಕು, ಪೂರ್ತಿ ಇಟ್ಟರೆ ಸದ್ದು ಒಡೆಯುತ್ತೆ. ಆಟೊ ರಿವರ್ಸ್ ಡೆಕ್ (ಒಂದು ಬದಿ ಮುಗಿದಾಗ ತಾನೇ ಇನ್ನೊಂದು ಬದಿ ನುಡಿಸೋ ಪ್ಲೇಯರ್) ಆದರೆ ಅಡಾಪ್ಟರ್‌ನ ಚಕ್ರ ಬಿಗಿಯಾಗಿ ನಿಂತಾಗ ಟೇಪ್ ಮುಗಿಯಿತೆಂದು ತಿಳಿದು ಟಕಟಕ ದಿಕ್ಕು ಬದಲಿಸುತ್ತೆ. ಚಕ್ರ ಸಲೀಸಾಗಿ ತಿರುಗುತ್ತಾ ಅಂತ ಬೆರಳಲ್ಲಿ ನೋಡಿ.

ಪ್ರಶ್ನೆ ಕೇಳಿದವರು: ಅಡಾಪ್ಟರ್ ಕೆಲಸ ಮಾಡ್ತಿದೆ. ಆದರೆ ಚಾರ್ಜಿಂಗ್‌ಗೆ ಹಾಕಿದ ಕೂಡಲೇ ಕುಂಯ್ ಅನ್ನುತ್ತೆ, ಆಕ್ಸಿಲರೇಟರ್ ಒತ್ತಿದಂತೆ ಏರುತ್ತೆ.

ಉತ್ತರ 2: ಅದು ಆಲ್ಟರ್ನೇಟರ್ (ಎಂಜಿನ್ ಜೊತೆ ತಿರುಗಿ ಕಾರಿಗೆ ಕರೆಂಟ್ ಕೊಡೋ ಯಂತ್ರ) ಸದ್ದು, ಚಾರ್ಜರ್ ಮೂಲಕ ಬರುತ್ತೆ. ಚಾರ್ಜರ್ ಕಿತ್ತರೆ ನಿಲ್ಲುತ್ತೆ ತಾನೆ? ಮೊಬೈಲ್ ಮತ್ತು ಅಡಾಪ್ಟರ್ ವೈರ್ ನಡುವೆ 3.5 ಎಂಎಂ ಗ್ರೌಂಡ್ ಲೂಪ್ ಐಸೊಲೇಟರ್ (ವೈರ್‌ಗಳ ನೇರ ಸಂಪರ್ಕ ತಪ್ಪಿಸಿ ಇಂಥ ಸದ್ದು ತಡೆಯೋ ಚಿಕ್ಕ ಸಾಧನ) ಹಾಕಿ ನೋಡಿ.