ಪದಚರ್ಚೆ: ‘ಲೈಮ್‌ಲೈಟ್’ಗೆ ಕನ್ನಡದಲ್ಲಿ ಏನನ್ನಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆನಡಾದ ರಶ್ ರಾಕ್ ತಂಡದ ‘ಲೈಮ್‌ಲೈಟ್’ ಹಾಡನ್ನು (‘ಮೂವಿಂಗ್ ಪಿಕ್ಚರ್ಸ್’ ಆಲ್ಬಮ್, 1981) ಕನ್ನಡಕ್ಕೆ ತರಲು ಹೊರಟರೆ ತಲೆಬರಹದಲ್ಲೇ ತೊಡಕು. ಲೈಮ್‌ಲೈಟ್ ಎಂದರೆ ಹಿಂದಿನ ಕಾಲದ ರಂಗದ ದೀಪ, ಈಗ ಎಲ್ಲರ ಕಣ್ಣಿಗೆ ಬಿದ್ದಿರುವ ಸ್ಥಿತಿ. ‘ಖ್ಯಾತಿ’ ಎಂದರೆ ವೇದಿಕೆಯೇ ಮಾಯವಾಗುತ್ತದೆ. ‘ಬೆಳಕಿಗೆ ಬಂದವನು’ ಎನ್ನಬಹುದೇ? ಈ ಲೈಮ್‌ಗೂ ನಿಂಬೆಗೂ ನಂಟಿದೆಯೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ನಿಂಬೆಯಲ್ಲ, ಸುಣ್ಣ. ಸುಟ್ಟ ಸುಣ್ಣದ ಗಟ್ಟಿಗೆ ಆಮ್ಲಜನಕ, ಜಲಜನಕ ಬೆರೆತ ಉರಿ ಹಾಯಿಸುತ್ತಿದ್ದರು. ಸುಣ್ಣ ಕರಗಲು 2,500 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾವು ಬೇಕು. ಹಾಗಾಗಿ ಅದು ಕರಗದೆ ಕಣ್ಣು ಕೋರೈಸುವಂತೆ ಬೆಳಗುತ್ತದೆ. 1820ರ ದಶಕದಲ್ಲಿ ಥಾಮಸ್ ಡ್ರಮ್ಮಂಡ್ ಐರ್ಲೆಂಡಿನ ಭೂಮಾಪನದಲ್ಲಿ, ಒಂದು ಬೆಟ್ಟದಿಂದ ದೂರದ ಇನ್ನೊಂದಕ್ಕೆ ಗುರುತು ಕಾಣಿಸಲು ಇದನ್ನು ಬಳಸಿದರು. 1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರಕ್ಕೆ ಬಂತು.

ದೀಪದ ಪಕ್ಕ ಒಬ್ಬ ಆಳು ನಿಂತೇ ಇರಬೇಕಿತ್ತು. ಉರಿ ತಾಗಿದಲ್ಲಿ ಸುಣ್ಣ ಗುಳಿಬೀಳುತ್ತದೆ, ಗಟ್ಟಿಯನ್ನು ಆಗಾಗ ತಿರುಗಿಸಬೇಕು. ಮರೆತರೆ ಗುಳಿಗೆ ಬಡಿದ ಉರಿ ಹಿಂದಿರುಗಿ ಮಸೂರ ಸೀಳೀತು. ತೇವ ತಗುಲಿದರೆ ಸುಣ್ಣ ಅರಳಿ ಪುಡಿಯಾಗುತ್ತದೆ, ಅದಕ್ಕೇ ಗಾಳಿಯಾಡದ ಡಬ್ಬಿ. ಅನಿಲಗಳ ಒತ್ತಡ ಏರುಪೇರಾಗಿ ಒಂದು ಇನ್ನೊಂದರ ಚೀಲಕ್ಕೆ ನುಗ್ಗಿದರೆ ಸಿಡಿಯುವ ಅಪಾಯ. ಇಷ್ಟು ಪಾಡುಪಟ್ಟದ್ದು ಬೆಳಕನ್ನು ಮಸೂರದಿಂದ ಕಿರಿದು ಮಾಡಿ ಒಬ್ಬನೇ ನಟನನ್ನು ಹಿಂಬಾಲಿಸುವುದಕ್ಕೆ.

ಹಾಡಿಗೆ ಬೇಕಾದದ್ದು ಈ ಕೊನೆಯ ಗುಣ. ಹಾಡಿನ ಸಾಹಿತ್ಯ ಬರೆದ, ರಶ್ ತಂಡದ ಡ್ರಮ್ ವಾದಕ ನೀಲ್ ಪಿಯರ್ಟ್‌ಗೆ ಅಭಿಮಾನಿಗಳ ಮುತ್ತಿಗೆ ಸಹಿಸಲಾಗುತ್ತಿರಲಿಲ್ಲ. ಅಪರಿಚಿತರನ್ನು ಹಳೆಯ ಗೆಳೆಯರಂತೆ ಕಾಣಲಾರೆ, ನನ್ನನ್ನು ನಾನು ಉಳಿಸಿಕೊಳ್ಳಲು ಗೋಡೆ ಕಟ್ಟಲೇಬೇಕು ಎಂಬುದು ಅಲ್ಲಿನ ಅಳಲು. ಬೆಳಕಿನಲ್ಲಿ ಸಿಕ್ಕವನನ್ನು ಎಲ್ಲರೂ ನೋಡುತ್ತಾರೆ, ಅವನಿಗೆ ಎದುರಿನ ಕತ್ತಲಲ್ಲಿ ಯಾರೂ ಕಾಣರು.

‘ಬೆಳಕಿಗೆ ಬರು’ ಇಲ್ಲಿ ಸಲ್ಲದು. ಹಗರಣ ಬೆಳಕಿಗೆ ಬರುತ್ತದೆ, ಹಳೆಯ ಶಾಸನ ಬೆಳಕಿಗೆ ಬರುತ್ತದೆ: ಅಡಗಿದ್ದದ್ದು ತಿಳಿಯಿತು ಎಂದಷ್ಟೇ ಅರ್ಥ. ‘ಮುನ್ನೆಲೆ’ ಜಾಗ ಹೇಳುತ್ತದೆ, ಉರಿ ಹೇಳುವುದಿಲ್ಲ. ‘ಸುಣ್ಣದ ದೀಪ’ ಟಿಪ್ಪಣಿಗೆ ಸರಿ. ಹಾಡಿನೊಳಗೆ ಇಟ್ಟರೆ ಓದುಗರ ಮನಸ್ಸು ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣದ ಕಡೆ ಓಡುತ್ತದೆ. ನನ್ನ ಆಯ್ಕೆ ‘ರಂಗದ ಬೆಳಕಲ್ಲಿ’. ಆ ‘ಅಲ್ಲಿ’ ಬಿಡಬೇಡಿ. ಬರಿಯ ‘ರಂಗದ ಬೆಳಕು’ ಯಾರೋ ಹಿರಿಯ ನಟರಿಗೆ ಕೊಟ್ಟ ಬಿರುದಿನಂತೆ ಕೇಳುತ್ತದೆ.

ಉತ್ತರ 2

ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ನಮ್ಮ ಬಯಲಾಟಗಳಿಗೆ ಬೆಳಕು ಕೊಟ್ಟ ಪೆಟ್ರೋಮ್ಯಾಕ್ಸ್‌ನ ಮ್ಯಾಂಟಲ್ (ಉರಿಯ ಸುತ್ತಲಿನ ಬಲೆ) ಕೂಡ ಇದೇ ಜಾತಿ, ಉರಿಯಲ್ಲಿ ಕಾದು ಬೆಳಗುವ ಆಕ್ಸೈಡು. ಆದರೆ ಅದು ಇಡೀ ರಂಗಕ್ಕೆ ಹರಡುವ ಬೆಳಕು, ಒಬ್ಬನನ್ನು ಹಿಡಿಯುವುದಲ್ಲ. ಆದ್ದರಿಂದ ‘ಗ್ಯಾಸ್‌ಲೈಟು’ ಎಂದು ಹಾಕಬೇಡಿ.

ತಲೆಬರಹಕ್ಕಿಂತ ಪಲ್ಲವಿ ಕಷ್ಟ. ಲೈಮ್‌ಲೈಟ್ ಎನ್ನುವುದು ಹಾಗೆ ‘ಕಾಣ’ಬಯಸುವವರ ಕನಸು, ನಿಜವಾಗಿ ಹಾಗೆ ‘ಇರ’ಬಯಸುವವರ ದಾರಿ ಬೇರೆ ಎಂಬ ಎದುರುಬದುರು ಅಲ್ಲಿದೆ. ‘ತೋರಿಕೆ’, ‘ಇರುವಿಕೆ’ ಎಂದರೆ ತತ್ತ್ವಶಾಸ್ತ್ರದ ಪಾಠವಾಗಿಬಿಡುತ್ತದೆ. ‘ಅನ್ನಿಸಿಕೊಳ್ಳುವವರು’, ‘ಆಗುವವರು’ ಎಂದು ನೋಡಿ. ದೊಡ್ಡವನು ಅನ್ನಿಸಿಕೊಳ್ಳುವುದಕ್ಕೂ ದೊಡ್ಡವನಾಗುವುದಕ್ಕೂ ಇರುವ ದೂರ ಎಲ್ಲರಿಗೂ ಗೊತ್ತು, ‘ಅನ್ನಿಸಿಕೊಳ್ಳು’ವಿನಲ್ಲಿ ನೋಡುವ ಜನರೂ ಬಂದುಬಿಡುತ್ತಾರೆ.

ಹಾಡಿನ ಕೊನೆಗೆ ಬರುವ ಪಂಜರವನ್ನು ‘ಚಿನ್ನದ ಪಂಜರ’ ಮಾಡಬೇಡಿ. ಮೂಲದಲ್ಲಿರುವುದು ಚಿನ್ನದ ನೀರು ಕುಡಿಸಿದ ಪಂಜರ, ಒಳಗೆ ಬರೀ ಕಬ್ಬಿಣ. ತಾಳಕ್ಕೆ ಉದ್ದವಾದರೆ ‘ಹೊನ್ನ ಲೇಪದ ಪಂಜರ’ ಸಾಕು.