ಮಾಂಟೆಸ್ಸರಿ ಕೋಣೆಯ ಚಿತ್ರಕಲೆ ಸಾಮಾನು: ಯಾವುದು ಎಲ್ಲಿ, ಎಷ್ಟು?

ಕೇಳಿದವರು, ನಿಟ್ಟುವಳ್ಳಿ, ದಾವಣಗೆರೆ:
ಮೂರರಿಂದ ಆರು ವರ್ಷದ 28 ಮಕ್ಕಳು. ಶೀಟಿನ ಮಾಡು. ಚಿತ್ರಕಲೆಗೆ ಅಂತ ಇರೋದು ನಾಲ್ಕಡಿ ಉದ್ದ, ಒಂದಡಿ ಅಗಲ, ಮೂರು ಖಾನೆಯ ಒಂದೇ ಶೆಲ್ಫ್. ಕ್ರೇಯಾನ್, ಕತ್ತರಿ, ಗೋಂದು, ಬಣ್ಣ, ಕಾಗದ, ಬೀಜ, ಹತ್ತಿ ಎಲ್ಲ ಅದರಲ್ಲೇ ತುಂಬಿದೆ. ಮಧ್ಯಾಹ್ನದೊಳಗೆ ಅರ್ಧ ಸಾಮಾನು ನೆಲದ ಮೇಲೆ. ಹೇಗೆ ಜೋಡಿಸಬೇಕು?

ವಿದ್ಯಾನಗರದಿಂದ:
ಮೇಡಂ, ಶೆಲ್ಫ್ ಚಿಕ್ಕದಲ್ಲ, ಸಾಮಾನು ಜಾಸ್ತಿ. ಶೆಲ್ಫ್ ಅಂದರೆ ಉಗ್ರಾಣ ಅಲ್ಲ. ಒಂದು ಖಾನೆಗೆ ಮೂರೇ ಟ್ರೇ, ನಡುವೆ ನಾಲ್ಕು ಬೆರಳು ಜಾಗ. ಒಟ್ಟು ಒಂಬತ್ತು ಕೆಲಸ. ಉಳಿದದ್ದೆಲ್ಲ ದೊಡ್ಡವರ ಬೀರುವಿಗೆ ಹೋಗಲಿ.

ಮೇಲೆ ಒಣ ಕೆಲಸ: ಕ್ರೇಯಾನ್, ಕತ್ತರಿ, ಹೊಲಿಗೆ. ನಡುವೆ ಅಂಟಿಸೋದು. ಕೆಳಗೆ ಬಣ್ಣ ಮತ್ತು ಜೇಡಿಮಣ್ಣು. ನೀರಿನದ್ದು ಮೇಲಿಟ್ಟರೆ ಒಂದು ಲೋಟ ಚೆಲ್ಲಿದರೂ ಕೆಳಗಿನ ಕಾಗದವೆಲ್ಲ ಹಾಳು. ಪ್ರತಿ ಖಾನೆಯಲ್ಲೂ ಎಡದಿಂದ ಬಲಕ್ಕೆ, ಸುಲಭದಿಂದ ಕಷ್ಟಕ್ಕೆ.

ಟ್ರೇಯಲ್ಲಿ ಒಂದು ಸಲಕ್ಕೆ ಬೇಕಾದಷ್ಟೇ ಇರಲಿ. ಅಂಟಿಸುವ ಟ್ರೇ ಅಂದರೆ ಒಂದು ಬಟ್ಟಲಲ್ಲಿ ಒಂದು ಚಮಚ ಗೋಂದು, ಒಂದು ಬ್ರಷ್, ಕತ್ತರಿಸಿದ ಎಂಟ್ಹತ್ತು ಆಕಾರ, ಒರೆಸುವ ಒದ್ದೆ ಬಟ್ಟೆ. ಬಾಟಲಿಯನ್ನೇ ಇಟ್ಟರೆ ಮಗು ಹಿಂಡುತ್ತದೆ. ಅದು ತುಂಟತನ ಅಲ್ಲ, ಬಾಟಲಿ ಇರೋದೇ ಹಿಂಡೋಕೆ. ಕತ್ತರಿ, ಪೆನ್ಸಿಲ್‌ಗಳಿಗೆ ತೂತು ಕೊರೆದ ಮರದ ತುಂಡು ಮಾಡಿಸಿ. ತೂತು ಖಾಲಿ ಇದ್ದರೆ ಯಾವುದು ವಾಪಸು ಬಂದಿಲ್ಲ ಅಂತ ಮಗುವಿಗೇ ಕಾಣುತ್ತದೆ, ನೀವು ಎಣಿಸಬೇಕಿಲ್ಲ.

ಹರಿಹರದಿಂದ:
ಮೆಟಲ್ ಇನ್‌ಸೆಟ್ (ಅಂಚಿಗೆ ಪೆನ್ಸಿಲ್ ಓಡಿಸಿ ಆಕಾರ ಬರೆಯುವ ಲೋಹದ ಚೌಕಟ್ಟುಗಳು) ಇದ್ದರೆ ಅದನ್ನು ಈ ಶೆಲ್ಫ್‌ನಿಂದ ತೆಗೆಯಿರಿ. ಬಣ್ಣದ ಪೆನ್ಸಿಲ್ ಹಿಡಿಯುತ್ತಾರೆ ಅಂತ ಎಲ್ಲರೂ ಚಿತ್ರಕಲೆಗೆ ಸೇರಿಸುತ್ತಾರೆ. ಅದು ಬರವಣಿಗೆಗೆ ಕೈ ಪಳಗಿಸುವ ಸಾಧನ, ಭಾಷೆಯ ಜಾಗಕ್ಕೆ ಸೇರಿದ್ದು.

ಅದಕ್ಕೆ ಬೇಕಾದ 14 ಸೆಂ.ಮೀ. ಚೌಕವನ್ನು ಎ4 ಹಾಳೆಯಲ್ಲೇ ತೆಗೆಯಬಹುದು. ಮೊದಲು ಉದ್ದಕ್ಕೆ 7 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಉಳಿದದ್ದರಲ್ಲಿ ಎರಡು ಚೌಕ ಬರುತ್ತವೆ, ತುದಿಯಲ್ಲಿ ಎರಡು ಸೆಂ.ಮೀ.ಗಿಂತ ಕಡಿಮೆ ಉಳಿಯುತ್ತದೆ. ಆ ಪಟ್ಟಿಯನ್ನು ಉದ್ದಕ್ಕೆ ಮೂರಾಗಿ ಸೀಳಿದರೆ, ಕತ್ತರಿ ಹೊಸದಾಗಿ ಹಿಡಿದ ಮಗು ಒಂದೇ ಸಲಕ್ಕೆ ತುಂಡು ಮಾಡುವಷ್ಟು ಅಗಲ. ತೆಳು ಹಾಳೆ ಬಾಗಿ ಕತ್ತರಿಯೊಳಗೆ ಸಿಕ್ಕಿಕೊಳ್ಳುತ್ತಿದ್ದರೆ ಹಳೇ ಲಗ್ನಪತ್ರಿಕೆ ಉಪಯೋಗಿಸಿ. ಎಡಗೈ ಮಕ್ಕಳಿಗೆ ಎಡಗೈ ಕತ್ತರಿಯೇ ಬೇಕು. ಬಲಗೈಯದ್ದು ಕೊಟ್ಟರೆ ಅಲಗುಗಳು ಅಗಲಿ ಕಾಗದ ಮಡಚಿಕೊಳ್ಳುತ್ತದೆ.

ಚಳ್ಳಕೆರೆಯಿಂದ:
ಶೀಟಿನ ಮಾಡು ಅಂದಿರಲ್ಲ, ಏಪ್ರಿಲ್-ಮೇನಲ್ಲಿ ಕ್ರೇಯಾನ್ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ. ದಾಸ್ತಾನನ್ನು ಬೀರುವಿನ ಕೆಳ ಖಾನೆಯಲ್ಲಿಡಿ, ಮೇಲೆ ಬಿಸಿ ಜಾಸ್ತಿ. ಬಣ್ಣದ ಕಾಗದ ಕಿಟಕಿ ಪಕ್ಕ ಬೇಡ, ಬಿಸಿಲಿಗೆ ಬಿಳಿಚುತ್ತದೆ. ಪೋಸ್ಟರ್ ಬಣ್ಣ ಬಟ್ಟಲಿಗೆ ಒಂದು ಟೀ ಚಮಚ ಸಾಕು, ಹೆಚ್ಚು ಹಾಕಿದರೆ ಊಟದ ಹೊತ್ತಿಗೆ ಹಕ್ಕಳೆ ಕಟ್ಟಿರುತ್ತದೆ. ಬ್ರಷ್ಷನ್ನು ನೀರಲ್ಲೇ ನಿಲ್ಲಿಸಬೇಡಿ, ಕೂದಲು ಸೊಟ್ಟಗಾಗಿ ಹಿಡಿ ಸಡಿಲವಾಗುತ್ತದೆ. ತೊಳೆದು ಅಡ್ಡ ಮಲಗಿಸಿ.

ಮೈದಾ ಅಂಟು ಅಗ್ಗ: ಒಂದು ಲೋಟ ಮೈದಾಗೆ ಮೂರು ಲೋಟ ನೀರು, ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ಹೊಳಪು ಬರುವ ತನಕ ತಿರುವಿ. ಬೇಸಿಗೆಯಲ್ಲಿ ಅವತ್ತಿಂದು ಅವತ್ತೇ ಖಾಲಿ ಮಾಡಿ, ಮಾರನೇ ದಿನ ಹುಳಿ ವಾಸನೆ. ಕೆಡಬಾರದು ಅಂತ ಬೈಂಡಿಂಗ್‌ನವರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಅಂಟಿಗೆ ಬೇಡವೇ ಬೇಡ.

ಗೆದ್ದಲಿದ್ದರೆ ಶೆಲ್ಫನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಡಿ. ಹಿಂದೆ ಮಣ್ಣಿನ ಗೆರೆ ಎದ್ದರೆ ಬೇಗ ಕಣ್ಣಿಗೆ ಬೀಳುತ್ತದೆ.

ಪಿ.ಜೆ. ಬಡಾವಣೆಯಿಂದ:
ಬೀಜದ ಬಗ್ಗೆ ಯಾರೂ ಹೇಳಲಿಲ್ಲ. ಮೆಕ್ಕೆಜೋಳ, ಅವರೆ, ಹುಣಸೆಬೀಜ ಮೂಗಿಗೆ, ಕಿವಿಗೆ ಹೋಗುವ ಅಳತೆ. ಮೂರು ವರ್ಷದವರ ಕೈಗೆ ಸಿಗುವ ಟ್ರೇಯಲ್ಲಿ ಅವು ಬೇಡ. ಹತ್ತಿ, ಒಣ ಎಲೆ, ಬಟ್ಟೆ ತುಂಡು ಇಡಿ. ದೊಡ್ಡ ಮಕ್ಕಳಿಗೆ ಕೇಳಿ ಪಡೆಯುವ ಡಬ್ಬಿ ಇರಲಿ. ಬೀಜವನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಬೇವಿನ ಒಣ ಎಲೆ ಹಾಕಿ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಇಲ್ಲದಿದ್ದರೆ ಹುಳ ಬೀಳುತ್ತದೆ.

ಇನ್ನೊಂದು, ಒಂಬತ್ತೂ ಟ್ರೇ ಮೊದಲ ದಿನವೇ ಬೇಡ. ವರ್ಷದ ಆರಂಭದಲ್ಲಿ ನಾಲ್ಕು ಸಾಕು. ತೋರಿಸಿಕೊಟ್ಟ ಮೇಲೆ ಒಂದೊಂದೇ ಸೇರಿಸಿ.

ಕೇಳಿದವರು:
ಮುಗಿಯದ ಕೆಲಸ ಎಲ್ಲಿಡೋದು? ಒದ್ದೆ ಚಿತ್ರಗಳೂ ಇರುತ್ತವೆ.

ವಿದ್ಯಾನಗರದಿಂದ:
ಒದ್ದೆಯದ್ದಕ್ಕೆ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಗೋಡೆಗೆ ಒತ್ತಿ ಹಗ್ಗ, ಬಟ್ಟೆ ಕ್ಲಿಪ್. ಓಡಾಡುವ ಜಾಗಕ್ಕೆ ಅಡ್ಡ ಕಟ್ಟಬೇಡಿ, ಕುತ್ತಿಗೆಗೆ ಸಿಕ್ಕೀತು. ತೀರಾ ನೀರಾಗಿರುವ ಬಣ್ಣವಾದರೆ ನೇತುಹಾಕಿದರೆ ಸುರಿಯುತ್ತದೆ, ಹಳೇ ಪೇಪರ್ ಮೇಲೆ ಮಲಗಿಸಿ. ಅರ್ಧ ಆದ ಹೊಲಿಗೆ, ಕೊಲಾಜ್‌ಗೆ ಪ್ರತಿ ಮಗುವಿಗೂ ಒಂದು ದಾರದ ಫೈಲ್. ಓದಲು ಬಾರದವರಿಗೆ ಹೆಸರಿನ ಜೊತೆ ಒಂದು ಗುರುತಿನ ಚಿತ್ರ ಅಂಟಿಸಿ. ಶನಿವಾರ ಫೈಲ್ ಬಿಚ್ಚಿ, ಮುಂದುವರಿಸುವುದಾ ಮನೆಗೆ ಒಯ್ಯುವುದಾ ಅಂತ ಮಗುವನ್ನೇ ಕೇಳಿ.