ಕ್ರೆಪಸ್ಕ್ಯುಲರ್: ಬೋರ್ಡಿಗೆ ಕನ್ನಡ ಪದ ಬೇಕು (ತುರ್ತು)

ಗೆಳೆಯರೇ,
ಕಾಡುಮೊಲದ ಬಗ್ಗೆ ಒಂದು ಬೋರ್ಡು ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿಯಲ್ಲಿ ‘ಕ್ರೆಪಸ್ಕ್ಯುಲರ್’ ಅಂತಿದೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಓಡಾಡುವ ಪ್ರಾಣಿ ಅಂತ ಅರ್ಥ. ‘ನಿಶಾಚರ’ ಹಾಕೋಣವೆಂದರೆ ಅದು ರಾತ್ರಿಯದ್ದು, ಜೊತೆಗೆ ರಾಕ್ಷಸ ಬೇರೆ ನೆನಪಾಗುತ್ತಾನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ಒಂದೇ ಪದ ಸಿಕ್ಕರೆ ಒಳ್ಳೆಯದು, ಜಾಗ ಕಮ್ಮಿ.

*

‘ಮಬ್ಬಾಡಿ’. ಕಾಡಾಡಿ, ಬೀದಾಡಿ ಇದ್ದ ಹಾಗೆ. ಅಚ್ಚಗನ್ನಡ. ‘ಸಂಧ್ಯಾಚರ’ ಅಂತ ಯಾರಾದರೂ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ: ಬೇಡ. ‘ಸಂಜೆ’ ಅನ್ನುವ ಕನ್ನಡ ಪದ ಇರುವಾಗ ಸಂಸ್ಕೃತ ಯಾಕೆ?

*

ಸ್ವಾಮಿ, ‘ವಂಧ್ಯಾ’ ಬಂಜೆ ಆದ ಹಾಗೆ ‘ಸಂಧ್ಯಾ’ ಸಂಜೆ ಆಯಿತು. ಅಚ್ಚಗನ್ನಡ ಎಲ್ಲಿಂದ ಬಂತು?

ತಮಾಷೆ ಏನೆಂದರೆ, ಸಂಸ್ಕೃತದಲ್ಲಿ ಹಗಲು ಇರುಳು ಕೂಡುವ ಎರಡೂ ಹೊತ್ತು ಸಂಧ್ಯೆಯೇ. ಪ್ರಾತಃಸಂಧ್ಯೆ, ಸಾಯಂಸಂಧ್ಯೆ. ಕನ್ನಡದ ಬಾಯಿಗೆ ಬಂದು ಸಂಜೆಯಾದ ಮೇಲೆ ಬೆಳಗಿನ ಪಾಲು ಕಳಚಿಕೊಂಡಿತು. ಈ ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ ಕ್ರೆಪಸ್ಕುಲುಮ್, ಅಂದರೆ ಮಬ್ಬು ಬೆಳಕು. ಪ್ರಾಣಿಶಾಸ್ತ್ರದಲ್ಲಿ ಅದು ಎರಡು ಹೊತ್ತಿಗೂ ಸಲ್ಲುತ್ತದೆ. ಬರೀ ನಸುಕಿಗೆ ‘ಮ್ಯಾಟುಟಿನಲ್’, ಬರೀ ಸಂಜೆಗೆ ‘ವೆಸ್ಪರ್ಟೈನ್’ ಅಂತ ಬೇರೆಯೇ ಇವೆ. ಹಾಗಾಗಿ ‘ಸಂಜೆ’ ಹಾಕಿದರೆ ಅರ್ಧ ಮೊಲ ಕಾಣೆ.

ಇನ್ನು ‘ಮಬ್ಬಾಡಿ’. ಮಬ್ಬು ಅಂದರೆ ಮಂಕು ಕೂಡ, ಅಲ್ವಾ? ಓದಿದ ಮಕ್ಕಳು ಮೊಲಕ್ಕೆ ಬುದ್ಧಿ ಕಮ್ಮಿ ಅಂದುಕೊಳ್ಳುತ್ತಾರೆ.

ಕೇಳಿದವರಿಗೆ: ಗುಣವಾಚಕದ ಹಟ ಬಿಡಿ. ‘ನಸುಕಿನಲ್ಲೂ ಮುಸ್ಸಂಜೆಯಲ್ಲೂ ಮೇಯಲು ಹೊರಡುತ್ತದೆ’ ಅಂತ ಬರೆಯಿರಿ. ಮೋಡದ ಸಂದಿಯಿಂದ ಇಳಿಯುವ ಬೆಳಕಿಗೂ ಇಂಗ್ಲಿಷಿನವರು ‘ಕ್ರೆಪಸ್ಕ್ಯುಲರ್ ರೇಸ್’ ಅನ್ನುತ್ತಾರೆ, ನಡುಹಗಲಲ್ಲಿ ಕಂಡರೂ! ಅಲ್ಲಿ ‘ಬಿಸಿಲುಕೋಲು’ ಸಾಕು. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಅಂತ ಹೊರಟರೆ ಇಂಥ ಕಡೆ ಸಿಕ್ಕಿಬೀಳುತ್ತೇವೆ.

*

ತದ್ಭವ ಬೇರೆ, ತತ್ಸಮ ಬೇರೆ. ಜನರ ಬಾಯಲ್ಲಿ ಸವೆದು ಬಂದದ್ದು ನಮ್ಮದು. ‘ಸಂಧ್ಯಾಚರ’ ಯಾವ ಊರಿನ ಬಾಯಲ್ಲಿ ಸವೆದಿದೆ?

*

‘ಮಬ್ಬಾಡಿ’ ಯಾವ ಊರಲ್ಲಿ?

*

ಸುಮ್ನೆ ಗೇಲಿ ಮಾಡಬೇಡಿ. ಹೊಸ ಪದ ಕಟ್ಟದೆ ಕೂತರೆ ನಾಳೆ ಬೋರ್ಡಿನಲ್ಲಿ ‘ಕ್ರೆಪಸ್ಕ್ಯುಲರ್’ ಅಂತಲೇ ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ. ನಿಮಗೆ ಅದೂ ಸರಿಯೇ ಇರಬೇಕು.

*

ಜಗಳ ನಡೆಯಲಿ. ನಾನು ವಾಕ್ಯವನ್ನೇ ಹಾಕುತ್ತಿದ್ದೇನೆ, ಅಕ್ಷರ ಸ್ವಲ್ಪ ಸಣ್ಣದು ಮಾಡಿದರೆ ಹಿಡಿಯುತ್ತದೆ. ಅದೇ ಬೋರ್ಡಿನಲ್ಲಿ ‘ಸಾಲಿಟರಿ’ ಅಂತಲೂ ಇದೆ. ‘ಒಂಟಿಯಾಗಿ ಬದುಕುತ್ತದೆ’ ಅಂದರೆ ಸಾಕಲ್ವಾ? ರಾತ್ರಿ ಹತ್ತರೊಳಗೆ ಹೇಳಿ.